ಬ್ಯಾಂಡ್ ದಪ್ಪಗಿದೆ, ಮಿಲ್ ಓಡ್ತಿದೆಯಾ?

ಮೈಸೂರಿನ ಲ್ಯಾಬಿಗೆ ಪಿಎಚ್‌ಡಿಗೆ ಸೇರಿದ ಮೊದಲ ವರ್ಷ ಒಂದು ಬ್ಲಾಟ್ (ಪ್ರೋಟೀನ್‌ಗಳನ್ನು ಗೆರೆಗಳಾಗಿ, ಅಂದರೆ ಬ್ಯಾಂಡ್‌ಗಳಾಗಿ ತೋರಿಸುವ ಪರೀಕ್ಷೆ) ನೋಡಿ ಎರಡು ದಿನ ಖುಷಿಯಲ್ಲಿ ಓಡಾಡಿದ್ದೆ. ಮೂರನೇ ದಿನ ಮೇಡಂ ಒಂದೇ ಪ್ರಶ್ನೆ ಕೇಳಿದರು. ಖುಷಿ ಅಲ್ಲಿಗೇ ಇಳಿಯಿತು.

ನಮ್ಮ ಕೆಲಸ ಆಟೊಫೇಜಿ ಮೇಲೆ. ಜೀವಕೋಶ ತನ್ನೊಳಗಿನ ಹಳೆಯ, ಕೆಟ್ಟ ಸಾಮಾನನ್ನು ಪೊರೆಯಲ್ಲಿ ಗಂಟು ಕಟ್ಟಿ, ಲೈಸೋಸೋಮ್ ಅನ್ನುವ ಆಮ್ಲದ ಚೀಲಕ್ಕೆ ಒಯ್ದು ಕರಗಿಸುತ್ತದೆ. ಯೀಸ್ಟನ್ನು ಉಪವಾಸ ಕೆಡವಿ ಇದರ ಜೀನ್‌ಗಳನ್ನು ಹುಡುಕಿದ ಯೊಶಿನೊರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂತು. ಒಳಗೆ ನುಗ್ಗಿದ ಬ್ಯಾಕ್ಟೀರಿಯಾವನ್ನೂ ಕೋಶ ಹೀಗೇ ಗಂಟು ಕಟ್ಟುತ್ತದೆ. 2004ರಲ್ಲಿ ಜಪಾನಿನವರು ಸ್ಟ್ರೆಪ್ಟೊಕಾಕಸ್‌ನಲ್ಲಿ ಇದನ್ನು ತೋರಿಸಿದರು. ನನ್ನ ಪಾಲಿಗೆ ಬಂದದ್ದು ಸಾಲ್ಮೊನೆಲ್ಲಾ.

ಅದು ಕೋಶದೊಳಗೆ ಹೋಗಿ ಒಂದು ಗುಳ್ಳೆಯಲ್ಲಿ ಕೂರುತ್ತದೆ. ಕೆಲವು ಗುಳ್ಳೆಗಳು ಹರಿಯುತ್ತವೆ. ಆಗ ಗುಳ್ಳೆಯ ಒಳಮೈಯಲ್ಲಿದ್ದ ಸಕ್ಕರೆ ಸರಪಳಿಗಳು ಹೊರಗೆ ಕಾಣುತ್ತವೆ. ಗ್ಯಾಲೆಕ್ಟಿನ್-8 ಅನ್ನುವ ಪ್ರೋಟೀನ್ ಅದಕ್ಕೆ ಬಂದು ಅಂಟುತ್ತದೆ. (ಸಕ್ಕರೆ ಕಂಡರೆ ಓಡಿ ಬರುವವರು ನಮ್ಮ ಮಂಡ್ಯದವರಷ್ಟೇ ಅಲ್ಲ.) ಎನ್‌ಡಿಪಿ52 ಅನ್ನುವ ಇನ್ನೊಂದು ಪ್ರೋಟೀನ್ ಗ್ಯಾಲೆಕ್ಟಿನ್‌ನ ಕೈ ಹಿಡಿದು, ಇನ್ನೊಂದು ಕೈಯಲ್ಲಿ ಎಲ್‌ಸಿ3ಯನ್ನು ಎಳೆದು ತರುತ್ತದೆ. ಗಂಟು ಕಟ್ಟುವ ಪೊರೆಯ ಮೇಲೆ ಇರುವುದು ಈ ಎಲ್‌ಸಿ3. ಇಲಿಯ ಎನ್‌ಡಿಪಿ52 ಈ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ನಾವು ಲ್ಯಾಬಿನಲ್ಲಿ ಬೆಳೆಸುವ ಮನುಷ್ಯರ ಹೀಲಾ ಕೋಶಗಳನ್ನು ಬಳಸುತ್ತೇವೆ.

ಒಂದು ಕೋಶಕ್ಕೆ ಹತ್ತು ಬ್ಯಾಕ್ಟೀರಿಯಾ ಲೆಕ್ಕದಲ್ಲಿ ಹಾಕಿದೆ. ಆಮೇಲೆ ಜೆಂಟಾಮೈಸಿನ್ ಅನ್ನುವ ಆಂಟಿಬಯೋಟಿಕ್. ಅದು ಕೋಶದೊಳಗೆ ಸುಲಭವಾಗಿ ಹೋಗುವುದಿಲ್ಲ, ಹೊರಗೆ ಉಳಿದದ್ದನ್ನು ಮಾತ್ರ ಕೊಲ್ಲುತ್ತದೆ. ಮೊದಲ ಒಂದು ಗಂಟೆ ಮಿಲಿಲೀಟರಿಗೆ 100 ಮೈಕ್ರೊಗ್ರಾಂ, ಮುಂದಕ್ಕೆ 10.

ಬ್ಲಾಟ್ ಎರಡು ಸಲ ಖಾಲಿ ಬಂತು. ಎಲ್‌ಸಿ3ಯನ್ನು ಗುರುತಿಸುವ ಆಂಟಿಬಾಡಿಯನ್ನು ಬೈದೆ. ತಪ್ಪು ಅದರದ್ದಲ್ಲ. ಎಲ್‌ಸಿ3 ತೀರಾ ಸಣ್ಣ ಪ್ರೋಟೀನ್. ಜೆಲ್‌ನಿಂದ ಬರುವ ಪ್ರೋಟೀನನ್ನು ಹಿಡಿದುಕೊಳ್ಳಲು ನಾನು ಹಾಕಿದ 0.45 ಮೈಕ್ರಾನ್ ಮೆಂಬ್ರೇನಿನ ತೂತಿನಿಂದ ಅದು ಆಚೆಗೆ ಹೋಗಿಬಿಡುತ್ತಿತ್ತು. 0.2 ಮೈಕ್ರಾನಿನದ್ದು ಹಾಕಿದ ಮೇಲೆ ಎರಡು ಗೆರೆ ಕಂಡವು. ಮೇಲಿನದು ಎಲ್‌ಸಿ3-1, ಕೆಳಗಿನದು ಎಲ್‌ಸಿ3-2. ಗಂಟಿನ ಪೊರೆಗೆ ಸೇರುವ ಎರಡನೆಯದಕ್ಕೆ ಕೊಬ್ಬು ಅಂಟಿರುತ್ತದೆ, ಅಂದರೆ ತೂಕ ಜಾಸ್ತಿ. ಆದರೂ ಜೆಲ್‌ನಲ್ಲಿ ಅದೇ ಮುಂದೆ ಓಡುತ್ತದೆ. ಇದನ್ನು ಉಲ್ಟಾ ಓದುವವರು ಈಗಲೂ ಇದ್ದಾರೆ.

ಸಾಲ್ಮೊನೆಲ್ಲಾ ಹಾಕಿದ ಲೇನಿನಲ್ಲಿ (ಜೆಲ್‌ನಲ್ಲಿ ಒಂದೊಂದು ಮಾದರಿ ಓಡುವ ದಾರಿ) ಕೆಳಗಿನ ಗೆರೆ ದಪ್ಪಗಿತ್ತು. ಸೋಂಕು ತಗುಲಿದರೆ ಆಟೊಫೇಜಿ ಜೋರಾಗುತ್ತದೆ ಅಂತ ಸ್ಲೈಡ್ ಮಾಡಿಬಿಟ್ಟೆ.

"ಬಾಫಿಲೋಮೈಸಿನ್ ಲೇನ್ ಎಲ್ಲಪ್ಪಾ?" ಅಂದರು ಮೇಡಂ.

ಇರಲಿಲ್ಲ. ಅವರು ಯಾಕೆ ಕೇಳಿದರು ಅಂತ ತಿಳಿಯಲು ನನಗೆ ಪುಸ್ತಕ ಬೇಕಾಗಲಿಲ್ಲ. ಶಾಲೆಯಲ್ಲಿದ್ದಾಗ ಅಪ್ಪನ ಜೊತೆ ಕಬ್ಬಿನ ಟ್ರ್ಯಾಕ್ಟರ್‌ನಲ್ಲಿ ಕಾರ್ಖಾನೆಗೆ ಹೋಗಿದ್ದೆ. ಗೇಟಿನಿಂದ ರಸ್ತೆವರೆಗೂ ಗಾಡಿಗಳ ಸಾಲು. ಡ್ರೈವರುಗಳು ಸೋಗೆಗೆ ಬೆಂಕಿ ಹಾಕಿಕೊಂಡು ಚಳಿ ಕಾಯಿಸುತ್ತಿದ್ದರು. "ಇವತ್ತು ಭಾರಿ ಕಬ್ಬು ಅರೀತಾವ್ರೆ ಅಲ್ವಾ ಅಪ್ಪ?" ಅಂದೆ. "ಮಿಲ್ ಕೆಟ್ಟೋಗದೆ ಕಣ್ಲಾ, ಅದ್ಕೇ ಇಷ್ಟುದ್ದ ನಿಂತವೆ" ಅಂದರು ಅಪ್ಪ.

ಎಲ್‌ಸಿ3-2 ಕತೆಯೂ ಇಷ್ಟೇ. ಗಂಟಿನ ಜೊತೆ ಲೈಸೋಸೋಮ್ ಸೇರಿದ ಎಲ್‌ಸಿ3-2 ಕೂಡ ಅಲ್ಲೇ ಕರಗುತ್ತದೆ. ಗೆರೆ ದಪ್ಪಗಿದ್ದರೆ ಗಾಡಿ ಜಾಸ್ತಿ ಬಂದಿರಬಹುದು, ಇಲ್ಲವೇ ಗಾಣ ನಿಂತಿರಬಹುದು. ಬಾಫಿಲೋಮೈಸಿನ್ ಲೈಸೋಸೋಮಿನ ಆಮ್ಲದ ಪಂಪ್ ನಿಲ್ಲಿಸುತ್ತದೆ, ಅಂದರೆ ಗಾಣವನ್ನು ನಾವೇ ಬೇಕಂತ ನಿಲ್ಲಿಸಿದ ಹಾಗೆ. ಹಾಕಿದ ಮೇಲೆ ಗೆರೆ ಇನ್ನೂ ದಪ್ಪವಾದರೆ ಅದುವರೆಗೆ ಗಾಣ ಓಡುತ್ತಿತ್ತು ಅಂತ. ಹಾಗೇ ಉಳಿದರೆ ಮೊದಲೇ ನಿಂತಿತ್ತು. ನನ್ನ ಪ್ರಕಾರ ಈ ಲೇನ್ ಇಲ್ಲದ ಬ್ಲಾಟನ್ನು ನೋಡುವುದೇ ದಂಡ.

ಮತ್ತೆ ಮಾಡಿದೆ, ಮೂರು ಸಲ. ಬಾಫಿಲೋಮೈಸಿನ್ 100 ನ್ಯಾನೊಮೋಲಾರ್, ಕೊನೆಯ ಎರಡು ಗಂಟೆ ಮಾತ್ರ. ಜಾಸ್ತಿ ಹೊತ್ತು ಬಿಟ್ಟರೆ ಕೋಶಗಳೇ ಸೊರಗುತ್ತವೆ. ಹೋಲಿಸಿ ನೋಡಲು ಒಂದು ಪ್ಲೇಟಿಗೆ ಅಮೈನೊ ಆಮ್ಲವಿಲ್ಲದ ದ್ರಾವಣ ಹಾಕಿ ಉಪವಾಸ ಇಡುತ್ತೇವೆ, ಹಸಿದರೆ ಆಟೊಫೇಜಿ ಜೋರಾಗುತ್ತದೆ. ಲ್ಯಾಬಿನಲ್ಲಿ ಅದಕ್ಕೆ ಏಕಾದಶಿ ಪ್ಲೇಟ್ ಅಂತಲೇ ಹೆಸರು. ಇದನ್ನು ಕೇಳಿ ಚಿಕ್ಕಪ್ಪ, "ಹಂಗಾದ್ರೆ ಉಪವಾಸ ಮಾಡಿದ್ರೆ ಜ್ವರ ಬರಲ್ವೇನಪ್ಪ?" ಅಂದರು. ಎರಡು ಗಂಟೆ ಪ್ಲೇಟಿನಲ್ಲಿ ಹಸಿದ ಕೋಶ ನೋಡಿ ಮನುಷ್ಯರಿಗೆ ಔಷಧಿ ಹೇಳಲು ಆಗಲ್ಲ ಚಿಕ್ಕಪ್ಪ ಅಂದೆ. ಅವರಿಗೆ ಅಷ್ಟು ಸಮಾಧಾನವಾಗಲಿಲ್ಲ.

ಹೊಸ ಬ್ಲಾಟ್‌ನಲ್ಲಿ, ಸೋಂಕಿನ ಎರಡನೇ ಗಂಟೆಗೆ, ಬಾಫಿಲೋಮೈಸಿನ್ ಹಾಕಿದ ಲೇನಿನ ಗೆರೆ ಇನ್ನೂ ದಪ್ಪ. ಅಂದರೆ ನನ್ನ ಹಳೇ ಸ್ಲೈಡಿನ ಮಾತು ನಿಜವೇ ಇತ್ತು, ಸುಮ್ನೆ ಅದೃಷ್ಟದಿಂದ. ನಾಲ್ಕನೇ ಗಂಟೆಗೆ ಮಾತ್ರ ಸಾಲೂ ಇಲ್ಲ, ಗಾಡಿಯೂ ಇಲ್ಲ. ಬಾಫಿಲೋಮೈಸಿನ್ ಹಾಕಿದರೂ ಗೆರೆ ತೆಳು. ಸಾಲ್ಮೊನೆಲ್ಲಾ ನುಗ್ಗಿದಾಗ ಆದ ಪೊರೆಯ ಗಾಯದಿಂದ ಕೋಶಕ್ಕೆ ಮೊದಲು ಅಮೈನೊ ಆಮ್ಲದ ಕೊರತೆಯಾಗುತ್ತದೆ, ಆಟೊಫೇಜಿಯನ್ನು ತಡೆದಿಡುವ ಎಂಟಾರ್ ಅನ್ನುವ ಪ್ರೋಟೀನ್ ಆಫ್ ಆಗಿ ಆಟೊಫೇಜಿ ಶುರುವಾಗುತ್ತದೆ. ಕೆಲವು ಗಂಟೆಯಲ್ಲಿ ಎಂಟಾರ್ ಮತ್ತೆ ಆನ್ ಆಗುತ್ತದೆ, ಗುಳ್ಳೆಯಲ್ಲಿ ಕೂತವನು ಬಚಾವ್. ಇದು 2012ರಲ್ಲೇ ಬಂದಿರುವ ವಿಷಯ.

ನನ್ನ ಕೋಶಗಳಲ್ಲೂ ಅದೇ ಆಗುತ್ತಿದೆಯಾ? ಎಂಟಾರ್ ಓಡುತ್ತಿದ್ದರೆ ಅದು ಎಸ್6 ಕೈನೇಸ್ ಅನ್ನುವ ಪ್ರೋಟೀನ್‌ಗೆ ಫಾಸ್ಫೇಟ್ ಅಂಟಿಸಿರಬೇಕು. ಆ ಬ್ಲಾಟನ್ನು ಇವತ್ತು ಸಂಜೆ ಆಂಟಿಬಾಡಿಗೆ ಹಾಕಿ ಬಂದಿದ್ದೇನೆ. ಕೋಲ್ಡ್ ರೂಮಿನಲ್ಲಿ ರಾತ್ರಿಯಿಡೀ ಅಲ್ಲಾಡುತ್ತಿರುತ್ತದೆ. ಈ ಸಲ ಬಾಫಿಲೋಮೈಸಿನ್ ಲೇನೂ ಇದೆ.