ಆಧಾರ್ ನಂಬರ್ ಮುಚ್ಚಿ ಕೊಟ್ಟರೂ ವಿಳಾಸದ ದಾಖಲೆ ಪಾಸಾಗುತ್ತದೆ: ನಮ್ಮ ಸೆಂಟರ್‌ನಲ್ಲಿ ಮಾಡಿ ನೋಡಿದ್ದು

"ನಂಬರ್ ಮುಚ್ಚಿದ ಜೆರಾಕ್ಸ್ ಯಾವ ಕೌಂಟರ್‌ನಲ್ಲೂ ನಡೆಯಲ್ಲ, ಗಿರಾಕಿ ವಾಪಸ್ ಬಂದು ನಿಮ್ಮ ಮೇಲೇ ರೇಗ್ತಾರೆ" ಅಂತ ನಮ್ಮಂತೆ ಜೆರಾಕ್ಸ್ ಸೆಂಟರ್ ನಡೆಸುವ ಗೆಳೆಯರೆಲ್ಲ ಎಚ್ಚರಿಸಿದ್ದರು. ಈಗ ನಮ್ಮಲ್ಲಿಂದ ಹೋಗುವ ವಿಳಾಸದ ದಾಖಲೆಗಳು ನೂರರಲ್ಲಿ ತೊಂಬತ್ತರಷ್ಟು ಮೊದಲ ಸಲವೇ ಪಾಸಾಗುತ್ತಿವೆ. ಎಚ್ಚರಿಸಿದವರಲ್ಲೇ ಇಬ್ಬರು ಬಂದು ಕಲಿತು ಹೋದರು.

ಮೊಬೈಲ್ ಲಿಂಕ್ ಆಗಿರುವವರ ಕೆಲಸ ಸಲೀಸು. ಮಾಸ್ಕ್ಡ್ ಆಧಾರ್ ಇಳಿಸಿಕೊಂಡರೆ ಮೊದಲ ಎಂಟು ಅಂಕಿ ತಾನಾಗಿಯೇ ಮುಚ್ಚಿರುತ್ತದೆ, ಕೊನೆಯ ನಾಲ್ಕು ಮಾತ್ರ ಕಾಣುತ್ತದೆ. ಕಷ್ಟವಿರುವುದು ಒಟಿಪಿ ಬಾರದವರದು. ವಯಸ್ಸಾದವರು, ಹಳೇ ಸಿಮ್ ಕಳೆದುಕೊಂಡವರು ಕೈಯಲ್ಲಿರುವ ಹಳೇ ಕಾಗದವನ್ನೇ ತರುತ್ತಾರೆ. ಅದನ್ನು ನಾವೇ ಮುಚ್ಚಿಕೊಡಬೇಕು.

ಮೊದಲು ಕಪ್ಪು ಮಾರ್ಕರ್ ಹಿಡಿದೆ. ಲೇಸರ್ ಪ್ರಿಂಟ್ ಮೇಲೆ ಮಾರ್ಕರ್ ಎಳೆದು ಬೆಳಕಿಗೆ ಓರೆಯಾಗಿ ಹಿಡಿದರೆ ಅಂಕಿಗಳು ಮಿರಮಿರ ಮಿಂಚುತ್ತವೆ. ಎರಡು ಪದರ ಬಳಿದರೂ ಅಷ್ಟೇ. ಬಳಿದದ್ದನ್ನು ಮತ್ತೆ ಜೆರಾಕ್ಸ್ ಮಾಡಿ, ಆ ಎರಡನೇ ಪ್ರತಿಯನ್ನು ಕೊಟ್ಟಾಗಲೇ ಸಮಾಧಾನವಾದದ್ದು. ಆದರೆ ಒಂದರ ಬದಲು ಎರಡು ಹಾಳೆ, ಜೊತೆಗೆ ಟೋನರ್ ಖರ್ಚು. ಎರಡು ರೂಪಾಯಿ ಜೆರಾಕ್ಸಿನಲ್ಲಿ ಏನೂ ಉಳಿಯುತ್ತಿರಲಿಲ್ಲ.

ಆಮೇಲೆ ಪಿಡಿಎಫ್‌ನಲ್ಲೇ ಕಪ್ಪು ಚೌಕ ಕೂರಿಸಲು ಹೊರಟೆ. ಚೌಕ ಕೆಳಗಿನ ಅಕ್ಷರವನ್ನು ಅಳಿಸುವುದಿಲ್ಲ. ಎಲ್ಲವನ್ನೂ ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡ್‌ಗೆ ಹಾಕಿದರೆ ಹನ್ನೆರಡೂ ಅಂಕಿ ಎದ್ದು ಬರುತ್ತವೆ. ಫೋನಿನ ಹೈಲೈಟರ್ ಇನ್ನೂ ಕಡೆ, ಬ್ರೈಟ್‌ನೆಸ್ ಏರಿಸಿದರೆ ಕೆಳಗಿನದೆಲ್ಲ ಕಾಣುತ್ತದೆ. ಹಣ ಕೊಟ್ಟು ಬಳಸುವ ಸಾಫ್ಟ್‌ವೇರ್ ಒಂದನ್ನು ವರ್ಷದ ಚಂದಾ ಕಟ್ಟಿ ತಂದೆ, ಏಳೆಂಟು ಸಾವಿರ ಹೋಯಿತು. ಕೆಲಸ ಚೆನ್ನಾಗಿತ್ತು, ಹತ್ತು ರೂಪಾಯಿ ದರಕ್ಕೆ ಆ ದುಡ್ಡು ಹುಟ್ಟಲಿಲ್ಲ. ಈಗ ಲಿಬ್ರೆಆಫೀಸ್ ಸಾಫ್ಟ್‌ವೇರ್‌ನ ರಿಡ್ಯಾಕ್ಟ್, ಅಂದರೆ ಬೇಡದ್ದನ್ನು ಮುಚ್ಚುವ ಸೌಲಭ್ಯ, ಸಾಕಾಗಿದೆ. 2019ರಲ್ಲಿ ಬಂದ 6.3 ಆವೃತ್ತಿಯಿಂದ ಅದು ಇದೆ, ದುಡ್ಡಿಲ್ಲ, ಪುಟವನ್ನೇ ಚಿತ್ರ ಮಾಡಿ ಹೊರಗೆ ಕೊಡುತ್ತದೆ. ಚಿತ್ರದಿಂದ ಕಾಪಿ ಮಾಡಿಕೊಳ್ಳಲು ಅಡಿಯಲ್ಲಿ ಏನೂ ಇರುವುದಿಲ್ಲ.

ನಂಬರ್ ಒಂದೇ ಕಡೆ ಇರುವುದಿಲ್ಲ ಅನ್ನುವುದನ್ನು ಕೆಲಸಕ್ಕೆ ಬಂದ ಹೊಸ ಹುಡುಗರಿಗೆಲ್ಲ ಮೊದಲ ದಿನವೇ ಹೇಳುತ್ತೇನೆ. ಉದ್ದದ ಕಾಗದದಲ್ಲಿ ಮೇಲೆ ಒಮ್ಮೆ, ಕೆಳಗೆ ಕಾರ್ಡಿನ ಎರಡೂ ಬದಿಗೆ ಒಮ್ಮೊಮ್ಮೆ ಇರುತ್ತದೆ. ವಿಳಾಸದ ಕೆಳಗೆ ಮೊಬೈಲ್ ನಂಬರ್ ಬೇರೆ. ಇವೆಲ್ಲ ಮುಚ್ಚಿದ ಮೇಲೂ ಕ್ಯೂಆರ್ ಉಳಿಯುತ್ತದೆ. 2018ಕ್ಕಿಂತ ಹಿಂದಿನ ಕಾಗದಗಳ ಕ್ಯೂಆರ್‌ನಲ್ಲಿ ಪೂರ್ತಿ ಆಧಾರ್ ನಂಬರ್ ಬರೀ ಅಕ್ಷರದಲ್ಲೇ ಇದೆ, ಯಾವ ಸಾಮಾನ್ಯ ಸ್ಕ್ಯಾನರ್ ಹಿಡಿದರೂ ಓದುತ್ತದೆ. ಹೊಸದರಲ್ಲಿ ಕೊನೆಯ ನಾಲ್ಕು ಅಂಕಿಯಷ್ಟೇ ಇದ್ದರೂ ಹುಟ್ಟಿದ ದಿನ, ವಿಳಾಸ, ಫೋಟೊ ಎಲ್ಲ ಸೇರಿರುತ್ತದೆ.

ಒಂದು ಮಧ್ಯಾಹ್ನ ಕೆಲಸ ಕಡಿಮೆಯಿತ್ತು, ಬೇರೆ ಬೇರೆ ಕ್ಯೂಆರ್ ಮಾಡಿಕೊಂಡು ಗೆರೆ ಎಳೆಯುತ್ತ ಕೂತೆ. ಒಂದು ಗೆರೆ, ಎರಡು ಗೆರೆ, ಮೂಲೆಯಲ್ಲೊಂದು ಮಸಿ, ಏನು ಮಾಡಿದರೂ ಓದುತ್ತಲೇ ಇತ್ತು. ಅತಿ ಗಟ್ಟಿ ಮಟ್ಟದ ಕ್ಯೂಆರ್ ಸುಮಾರು 30 ಶೇಕಡಾ ಹಾಳಾದರೂ ತನ್ನನ್ನು ಸರಿಪಡಿಸಿಕೊಳ್ಳುತ್ತದೆ. ಹಾಗಾಗಿ ಮುಚ್ಚುವುದಾದರೆ ಪೂರ್ತಿ ಮುಚ್ಚಬೇಕು.

ಇಷ್ಟಾದರೂ ಕೌಂಟರ್‌ಗಳಲ್ಲಿ ತಳ್ಳಿದರು. ಮೊದಲ ಎರಡು ತಿಂಗಳು ಅರ್ಧಕ್ಕರ್ಧ ವಾಪಸ್. ಬಂದವರಿಗೆಲ್ಲ ದುಡ್ಡು ಹಿಂದಿರುಗಿಸಿದೆ, ಸಾವಿರ ರೂಪಾಯಿಯ ಮೇಲಾಗಿರಬೇಕು. ದಾರಿ ಸಿಕ್ಕಿದ್ದು ರಿಸರ್ವ್ ಬ್ಯಾಂಕಿನ 2016ರ ಕೆವೈಸಿ ಮಾಸ್ಟರ್ ಡೈರೆಕ್ಷನ್, ಅಂದರೆ ಗಿರಾಕಿಯ ಗುರುತು ಪರಿಶೀಲಿಸಲು ಬ್ಯಾಂಕುಗಳಿಗೆ ಕೊಟ್ಟ ನಿಯಮಾವಳಿ, ಓದಿದಾಗ. ಆಧಾರ್ ದೃಢೀಕರಣ (ಒಟಿಪಿ ಅಥವಾ ಬೆರಳಚ್ಚಿನ ತಾಳೆ) ಬೇಕಿಲ್ಲದ ಕಡೆ ಗಿರಾಕಿ ತನ್ನ ನಂಬರ್ ಮರೆಮಾಡಿ ಕೊಡುವಂತೆ ಬ್ಯಾಂಕೇ ನೋಡಿಕೊಳ್ಳಬೇಕು ಅಂತ ಅದರಲ್ಲಿತ್ತು. ಆ ವಾಕ್ಯವನ್ನು ಸಣ್ಣ ಚೀಟಿಯಲ್ಲಿ ಪ್ರಿಂಟ್ ಮಾಡಿ ಪ್ರತಿ ಜೆರಾಕ್ಸಿಗೂ ಪಿನ್ ಮಾಡತೊಡಗಿದೆ. ವಾದ ನಿಂತುಹೋಯಿತು. ಸಬ್ಸಿಡಿ ನೇರ ಖಾತೆಗೆ ಬರುವ ಅರ್ಜಿಗಳಿಗೆ ಮಾತ್ರ ಇದನ್ನು ಮಾಡಬೇಡಿ, ಅಲ್ಲಿ ಪೂರ್ತಿ ನಂಬರ್ ಬೇಕೇ ಬೇಕು.

ಪ್ರತಿಯೊಂದು ಪ್ರತಿಯ ಮೇಲೂ ಅಡ್ಡಲಾಗಿ "ಬಾಡಿಗೆ ಕರಾರಿಗೆ ಮಾತ್ರ" ಎಂಬಂತೆ ಉದ್ದೇಶ, ತಾರೀಖು, ಪಡೆಯುವವರ ಹೆಸರು ಹಾಕುತ್ತೇನೆ. ಬರಹ ಫೋಟೊ ಮತ್ತು ವಿಳಾಸದ ಮೇಲೆ ಹಾಯಬೇಕು, ಓದಲು ಅಡ್ಡಿಯಾಗಬಾರದು. ಯಾವ ಪ್ರತಿ ಯಾರ ಕೈಯಿಂದ ಹೊರಬಿತ್ತು ಅಂತ ಆಮೇಲೆ ಗೊತ್ತಾಗಲು ಅದರಲ್ಲೇ ಒಂದು ಸಣ್ಣ ಗುರುತು ಇಡುತ್ತೇನೆ. ಅದು ಎಲ್ಲಿ, ಹೇಗೆ ಅನ್ನುವುದು ನಮ್ಮ ಸೆಂಟರ್‌ನಲ್ಲೇ ಇರಲಿ.

ಕರೆಂಟ್ ಬಿಲ್ ಬಗ್ಗೆ ಯಾರೂ ಯೋಚಿಸುವುದೇ ಇಲ್ಲ. ವಿಳಾಸಕ್ಕೆ ಬೇಕಾದ್ದು ಹೆಸರು, ವಿಳಾಸ, ತಾರೀಖು, ಬಿಲ್ ಕೊಟ್ಟವರ ಹೆಸರು, ಅಷ್ಟೇ. ಖರ್ಚಾದ ಯೂನಿಟ್ ನೋಡಿದರೆ ಮನೆಯಲ್ಲಿ ಜನ ಇದ್ದಾರೋ ಬೀಗ ಹಾಕಿದೆಯೋ ಹೇಳಬಹುದು. ಯೂನಿಟ್, ಬಾಕಿ, ಮೊಬೈಲ್, ಪಾವತಿಯ ಕ್ಯೂಆರ್ ಎಲ್ಲ ಮುಚ್ಚುತ್ತೇನೆ. ಅಕೌಂಟ್ ಐಡಿಯಲ್ಲಿ ಕೊನೆಯ ನಾಲ್ಕು ಬಿಡುತ್ತೇನೆ. ಬ್ಯಾಂಕಿಗಾದರೆ ಬಿಲ್ ಎರಡು ತಿಂಗಳಿಗಿಂತ ಹಳೆಯದಾಗಿರಬಾರದು, ಅದನ್ನು ಮೊದಲೇ ನೋಡಿಕೊಳ್ಳಿ.

ಇನ್ನು ನಮ್ಮ ಕಡೆಯ ಮಾತು. 2022ರ ಮೇ ತಿಂಗಳಲ್ಲಿ ಆಧಾರ್ ಕೊಡುವ ಸಂಸ್ಥೆ ಯುಐಡಿಎಐನ ಬೆಂಗಳೂರು ಕಚೇರಿ, ಇಂಟರ್ನೆಟ್ ಕೆಫೆಯಲ್ಲಿ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಪೂರ್ತಿ ಅಳಿಸಿ ಅಂತ ಪ್ರಕಟಣೆ ಹೊರಡಿಸಿತ್ತು. ಎರಡು ದಿನದಲ್ಲಿ ಹಿಂತೆಗೆದುಕೊಂಡರು, ಆದರೆ ಅಳಿಸುವ ಮಾತು ನಮಗೆ ಸರಿಯಾಗೇ ಅನ್ವಯಿಸುತ್ತದೆ. ನಮ್ಮ ವಾಟ್ಸಾಪ್‌ನಲ್ಲಿ 24 ಗಂಟೆಗೆ ಮಾಯವಾಗುವ ಸಂದೇಶ ಹಾಕಿದ್ದೇನೆ. ಆಟೋ ಡೌನ್‌ಲೋಡ್ ಆಫ್ ಮಾಡದಿದ್ದರೆ ಫೋಟೊಗಳು ಗ್ಯಾಲರಿಯಲ್ಲೇ ಉಳಿಯುತ್ತವೆ, ಅದನ್ನೂ ಆಫ್ ಮಾಡಿದೆ. ಡೌನ್‌ಲೋಡ್ಸ್, ರೀಸೈಕಲ್ ಬಿನ್ ಎರಡನ್ನೂ ಗಿರಾಕಿಯ ಕಣ್ಣೆದುರೇ ಖಾಲಿ ಮಾಡುತ್ತೇನೆ. ಹಾಳಾದ ಪ್ರಿಂಟ್‌ಗಳಿಗೆ ಮೂರೂವರೆ ಸಾವಿರದ ಹತ್ತಿರ ಕೊಟ್ಟು ಕಾಗದವನ್ನು ಚೂರುಚೂರಾಗಿ ಕತ್ತರಿಸುವ ಯಂತ್ರ ತಂದೆ. ಅದನ್ನು ನೋಡಿಯೇ ಒಬ್ಬರು ಮನೆಮಂದಿಯ ಕಾಗದವನ್ನೆಲ್ಲ ತಂದು ಮುಚ್ಚಿಸಿಕೊಂಡು ಹೋದರು. ದರ ಈಗ ದಾಖಲೆಗೆ ಹದಿನೈದು ರೂಪಾಯಿ, ಚೀಟಿ ಸೇರಿ.