ಪಂಚಮಿಯ ಅಳ್ಳಿನಿಂದ ಬಿಯರು: ನನ್ನ ಅನುಭವ

ಜೋಳದಿಂದ ಒಳ್ಳೆಯ ಬಿಯರು ಆಗುವುದಿಲ್ಲವೆಂದು ನನಗೆ ಹೇಳದವರೇ ಇಲ್ಲ. ಯಂತ್ರ ಜೋಡಿಸಲು ಪುಣೆಯಿಂದ ಬಂದಿದ್ದ ಬ್ರೂಮಾಸ್ಟರ್ (ಬಿಯರು ತಯಾರಿಕೆಯ ಪರಿಣತ) ಹೇಳಿದರು, ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಕಾಳು) ಕಳಿಸುವ ವ್ಯಾಪಾರಿ ಹೇಳಿದ, ಮೂವತ್ತು ವರ್ಷಕ್ಕೂ ಮೇಲೆ ಗಲ್ಲೆಯ ಮೇಲೆ ಕುಳಿತ ನನ್ನ ಅಪ್ಪ ಎಲ್ಲರಿಗಿಂತ ಖಾರವಾಗಿ ಹೇಳಿದರು: "ಅಂಬಲಿಗೆ ನೊರಿ ಬರಸಾಕ ಇಷ್ಟು ಸಾಲಾ ಮಾಡೀಯೇನಲೇ?" ಈಗ ನಮ್ಮ ಹುಬ್ಬಳ್ಳಿಯ ಬಾರಿನಲ್ಲಿರುವ ನಾಲ್ಕು ಟ್ಯಾಪುಗಳ ಪೈಕಿ ಮೊದಲು ಖಾಲಿಯಾಗುವುದು ಜೋಳದ ಅಳ್ಳಿನ, ಅಂದರೆ ಹುರಿದು ಅರಳಿಸಿದ ಜೋಳದ, ಬಿಯರೇ ಆಗಿರುವುದರಿಂದ, ಅದು ಹೇಗಾಯಿತೆಂಬುದನ್ನು ಇದೇ ಕಸುಬಿನಲ್ಲಿರುವವರಿಗಾಗಿ ಬರೆದಿಡುತ್ತಿದ್ದೇನೆ. ಮ್ಯಾಷ್ ಎಂದರೆ ಮಾಲ್ಟ್ ಮತ್ತು ಬಿಸಿನೀರಿನ ಕಲಸು, ವೋರ್ಟ್ ಎಂದರೆ ಅದರಿಂದ ಸೋಸಿದ ಸಿಹಿ ರಸ, ಫರ್ಮೆಂಟರ್ ಎಂದರೆ ಆ ರಸ ಹುದುಗುವ ಟ್ಯಾಂಕು. ಇದಕ್ಕಿಂತ ಹೆಚ್ಚು ವಿವರಿಸುವುದಿಲ್ಲ. ಪರವಾನಗಿ ಪಡೆದು ಮೈಕ್ರೋಬ್ರೂವರಿ (ಬಾರಿನಲ್ಲೇ ಬಿಯರು ತಯಾರಿಸುವ ಸಣ್ಣ ಘಟಕ) ನಡೆಸುವವರಿಗೆ ಅದು ಗೊತ್ತಿದ್ದದ್ದೇ. ಅಂಕಿಗಳೆಲ್ಲ ನೆನಪಿನಿಂದ ಬಂದವು, ಅಲ್ಲಿಷ್ಟು ಇಲ್ಲಿಷ್ಟು ಹೆಚ್ಚುಕಡಿಮೆ ಇರಬಹುದು.

ಅಪ್ಪ 1986ರಲ್ಲಿ ಆರಂಭಿಸಿದ ಬಾರು ಇದು. ಧಾರವಾಡ ಜಿಲ್ಲೆ ಮುಂಬೈ ಪ್ರಾಂತದಲ್ಲಿದ್ದಾಗ 1949ರ ಪಾನನಿಷೇಧ ಕಾಯ್ದೆ ಇಲ್ಲಿಗೂ ಅನ್ವಯಿಸುತ್ತಿತ್ತು. ಪರ್ಮಿಟ್ ಇದ್ದವರಿಗೆ ಮದ್ಯ ಕೊಡುವ ಕೋಣೆಗೆ ಮುಂಬೈ ಕಡೆ ಹೇಳುತ್ತಿದ್ದ 'ಪರ್ಮಿಟ್ ರೂಮ್' ಎಂಬ ಮಾತನ್ನು ಹಳೆಯ ಗಿರಾಕಿಗಳು ನಮ್ಮ ಬಾರಿಗೂ ಬಳಸುತ್ತಿದ್ದರು. ಪ್ಲೈವುಡ್ಡಿನ ಗೂಡುಗಳು, ಅವಕ್ಕೆ ಹಸಿರು ಪರದೆ, ಮಂದವಾದ ಬಲ್ಬು, ತಟ್ಟೆಯಲ್ಲಿ ಹುರಿದ ಶೇಂಗಾ. ಫ್ರಿಜ್ಜು ಸಾಲದ ಬೇಸಿಗೆಯಲ್ಲಿ 650 ಮಿಲಿಯ ಬಾಟಲಿಗಳನ್ನು ಬರ್ಫು ಮತ್ತು ಉಪ್ಪಿನ ನಡುವೆ ಗೋಣಿತಟ್ಟು ಹೊದಿಸಿ ತಂಪು ಮಾಡುತ್ತಿದ್ದೆವು. ಕಿಂಗ್‌ಫಿಷರ್, ನಾಕೌಟ್, ಹೇವರ್ಡ್ಸ್ 5000 ಇವೇ ನಾವು ಮಾರಿದ ಬಿಯರುಗಳು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಸಾಗಿಸಿದರೆ ಸುಂಕ ಬೀಳುವುದರಿಂದ ಕಂಪನಿಗಳು ರಾಜ್ಯಕ್ಕೊಂದರಂತೆ ಕಾರ್ಖಾನೆ ತೆರೆದವು, ಆದರೆ ರುಚಿ ಮಾತ್ರ ಎಲ್ಲೆಡೆಯೂ ಒಂದೇ. ಹುಬ್ಬಳ್ಳಿಯದು ಎನ್ನಬಹುದಾದ ಬಿಯರನ್ನು ನಾನು ಚಿಕ್ಕಂದಿನಿಂದಲೂ ಕಂಡಿರಲಿಲ್ಲ.

2018ರಲ್ಲಿ ಬಾರಿನ ಹಿಂದಿನ ಗೋದಾಮನ್ನು ಒಡೆದು 500 ಲೀಟರಿನ ಬ್ರೂಹೌಸ್ (ಬಿಯರು ತಯಾರಿಸುವ ಯಂತ್ರ-ಪಾತ್ರೆಗಳು) ಕೂಡಿಸಿದೆ. ಒಟ್ಟು ಸುಮಾರು ಒಂದೂವರೆ ಕೋಟಿ, ಅದರಲ್ಲಿ ಮುಕ್ಕಾಲು ಪಾಲು ಬ್ಯಾಂಕಿನದು. ಬೆಂಗಳೂರಿನಲ್ಲಿ ಓಡುತ್ತಿದ್ದ ಗೋದಿ ಬಿಯರು, ಲಾಗರ್ (ತಿಳಿ ಬಿಯರು), ಸ್ಟೌಟ್ (ಕಪ್ಪು ಬಿಯರು) ಇವನ್ನೇ ನಾನೂ ಇಳಿಸಿದೆ. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾಗಿ ದಿನಾಲೂ ಸಂಜೆ ಬರುವ ಕಾಕಾ ಒಬ್ಬರು ಅರ್ಧ ಗ್ಲಾಸು ಕುಡಿದು, "ತಮ್ಮಾ, ಇದನ್ನ ಕುಡ್ಯಾಕ ನಾವು ಬೆಂಗಳೂರಿಗೇ ಹೋಗಬಹುದಿತ್ತು. ಇದರಾಗ ನಮ್ಮೂರಿಂದು ಏನೈತಿ?" ಎಂದರು. ಅವರಿಗೆ ಉತ್ತರ ಕೊಡಲು ನನಗೆ ನಾಲ್ಕು ವರ್ಷ ಹಿಡಿಯಿತು.

ಮೊದಲು ಹಿಡಿದದ್ದು ಜೋಳದ ಮಾಲ್ಟಿನ ದಾರಿ. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನೇ ನಿಷೇಧಿಸಿದಾಗ ಅಲ್ಲಿಯ ದೊಡ್ಡ ಕಾರ್ಖಾನೆಗಳು ಜೋಳಕ್ಕೆ ತಿರುಗಿದವು, ಗಿನ್ನೆಸ್ ಕೂಡ ಅಲ್ಲಿ ಜೋಳದಿಂದಲೇ ತಯಾರಾಯಿತು. ಅವರಿಗೆ ಆದದ್ದು ನನಗೇಕೆ ಆಗದು ಎಂಬುದು ನನ್ನ ಹಟ. ಬಾರ್ಲಿ ಮೊಳೆಯಲು ತಂಪು ಕೋಣೆ ಬೇಕು, ಜೋಳಕ್ಕಾದರೆ ನಮ್ಮ 28 ಡಿಗ್ರಿಯ ಹವೆಯೇ ಸಾಕು ಎಂಬುದು ಲೆಕ್ಕ. ಅಮರಗೋಳದ ಎಪಿಎಂಸಿಯಿಂದ ಎರಡು ಕ್ವಿಂಟಲ್ ಮಾಲದಂಡಿ ತಳಿಯ ಜೋಳ ತಂದು, ನೆನೆಸಿ, ಅಟ್ಟದ ಮೇಲೆ ಹಸಿ ಗೋಣಿಚೀಲದಡಿ ಹರಡಿದೆ. ನೂರಕ್ಕೆ ಅರವತ್ತು ಕಾಳೂ ಮೊಳೆಯಲಿಲ್ಲ. ಮೊಳೆಯದ ಕಾಳಿಗೆ ಬೂಸ್ಟು ಹಿಡಿದು ಮೂರನೆಯ ದಿನ ಇಡೀ ಅಟ್ಟ ನಾರಿತು. ಬೀಜದ ಗುಣ ನೋಡದೆ ರೊಟ್ಟಿಯ ಜೋಳವನ್ನು ಕೊಂಡದ್ದು ನನ್ನದೇ ತಪ್ಪು. ಎರಡನೆಯ ಸಲ ಅಣ್ಣಿಗೇರಿಯ ಎರೆ ಹೊಲದ ರೈತರೊಬ್ಬರಿಂದ ಹೊಸ ಸುಗ್ಗಿಯ ಜೋಳ ತಂದು, ಸುಣ್ಣದ ತಿಳಿನೀರಿನಲ್ಲಿ ನೆನೆಸಿದೆ. ಬೂಸ್ಟು ತಗ್ಗಿತು, ಮೊಳಕೆ ಚೆನ್ನಾಗಿ ಬಂತು. ಆದರೆ ಜೋಳದ ಎಳೆ ಚಿಗುರಿನಲ್ಲಿ ವಿಷವಿರುತ್ತದೆ. ಕೊಯ್ದ ಹೊಲದಲ್ಲಿ ಮತ್ತೆ ಚಿಗುರಿದ ಕೂಳೆ ಜೋಳಕ್ಕೆ ದನ ಬಿಡಬಾರದೆಂದು ನಮ್ಮ ಕಡೆಯ ಸಣ್ಣ ಹುಡುಗರಿಗೂ ಗೊತ್ತು. ಆದ್ದರಿಂದ ಒಣಗಿಸಿದ ಮೇಲೆ ಬೇರು-ಚಿಗುರುಗಳನ್ನು ಕೈಯಿಂದ ಉಜ್ಜಿ ಪೂರ್ತಿ ತೆಗೆಯಬೇಕಾಯಿತು. ಮೂವರು ಆಳುಗಳು ಎರಡು ದಿನ ಕುಳಿತರು. ಇಷ್ಟೆಲ್ಲ ಮಾಡಿ 110 ಕಿಲೊ ಜೋಳದ ಮಾಲ್ಟ್ ಹಾಕಿದ ಬ್ಯಾಚಿನಲ್ಲಿ ಸಿಕ್ಕ ಗ್ರಾವಿಟಿ (ವೋರ್ಟಿನ ಸಕ್ಕರೆಯಂಶ) ಬರೀ 5 ಪ್ಲೇಟೊ, ಅಂದರೆ ತೂಕದಲ್ಲಿ ನೂರಕ್ಕೆ ಐದು ಪಾಲು. ಜೋಳಕ್ಕೆ ಬಾರ್ಲಿಯಂತೆ ಹೊಟ್ಟಿಲ್ಲದ್ದರಿಂದ ಸೋಸುವ ಪಾತ್ರೆಯ (ಲಾಟರ್ ಟನ್) ಜಾಲರಿ ಕಟ್ಟಿಕೊಂಡು ವೋರ್ಟ್ ಹನಿಹನಿಯಾಗಿ ಇಳಿಯಿತು. ಬೆಳಿಗ್ಗೆ ಎಂಟಕ್ಕೆ ಶುರು ಮಾಡಿದ್ದು ರಾತ್ರಿ ಎರಡಾದರೂ ಮುಗಿಯಲಿಲ್ಲ. ಅದನ್ನು ಗಟಾರಕ್ಕೆ ಬಿಟ್ಟೆ.

ಎರಡನೆಯ ದಾರಿ ಜೋಳದ ನುಚ್ಚನ್ನು ಬೇರೆಯಾಗಿ ಬೇಯಿಸಿ ಬಾರ್ಲಿ ಮಾಲ್ಟಿನ ಮ್ಯಾಷಿಗೆ ಸೇರಿಸುವುದು. ಜೋಳದ ಪಿಷ್ಟ ಅರಳಲು 70 ಡಿಗ್ರಿಯ ಮೇಲೆ ಕಾವು ಬೇಕು, ಅಷ್ಟು ಕಾವಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಮಾಲ್ಟಿನ ಕಿಣ್ವ ಬಹಳ ಹೊತ್ತು ಉಳಿಯುವುದಿಲ್ಲ. ಬೇರೆ ಬೇಯಿಸದೆ ಗತ್ಯಂತರವಿಲ್ಲ. ಅದಕ್ಕೊಂದು ಸೀರಿಯಲ್ ಕುಕ್ಕರ್ (ಕಾಳು ಬೇಯಿಸುವ ದೊಡ್ಡ ಪಾತ್ರೆ) ಬೇಕೆಂದು ಕೇಳಿದಾಗ ಆರು ಲಕ್ಷವೆಂದರು. ನಾನು ವೋರ್ಟ್ ಕುದಿಸುವ ಕೆಟಲಿನಲ್ಲಿಯೇ ಬೇಯಿಸಿದೆ. ಮೊದಲ ಸಲ ತಳ ಹೊತ್ತಿತು, ಬಿಯರಿಗೆ ಸೀದ ಗಂಜಿಯ ವಾಸನೆ ಬಂತು. ಎರಡನೆಯ ಸಲ ಹೊತ್ತಲಿಲ್ಲ, ಆದರೆ ಅಂಟಿನಂತಾದ ಗಂಜಿ ಪೈಪಿನಲ್ಲಿ ಕುಳಿತಿತು. ಮೂರನೆಯದಕ್ಕೆ ನೀರಿನ ಕಡೆ ಲಕ್ಷ್ಯ ತಪ್ಪಿತು: ನಳಕ್ಕೆ ನೀರು ನಾಲ್ಕೈದು ದಿನಕ್ಕೊಮ್ಮೆ ಬರುವ ಊರು ನಮ್ಮದು, ಆ ದಿನ ತುಂಬಿದ ನೀರನ್ನು ಕಾರ್ಬನ್ ಫಿಲ್ಟರಿಗೆ ಹಾಯಿಸದೆ ಬಳಸಿದ್ದರಿಂದ ಕ್ಲೋರಿನ್ ಸೇರಿ ಇಡೀ ಬ್ಯಾಚು ಆಸ್ಪತ್ರೆಯ ವಾಸನೆ ಹೊಡೆಯಿತು. ಅಷ್ಟರಲ್ಲಿ 2020ರ ಲಾಕ್‌ಡೌನ್ ಬಂತು, ಟ್ಯಾಂಕಿನಲ್ಲಿದ್ದ ಒಳ್ಳೆಯ ಬಿಯರೂ ಹೋಯಿತು. ಅಪ್ಪ ಆಗ ಏನೂ ಅನ್ನಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

2021ರ ನಾಗರಪಂಚಮಿಗೆ ಅವ್ವ ಅಳ್ಳು ಹುರಿಯುತ್ತಿದ್ದಳು. ಹಿಂದಿನ ದಿನವೇ ನೀರು ಚಿಮುಕಿಸಿ ಮುಚ್ಚಿಟ್ಟ ಜೋಳವನ್ನು ಕಾದ ಬಾಣಲೆಗೆ ಹಿಡಿ ಹಿಡಿಯಾಗಿ ಹಾಕಿ, ತುದಿಗೆ ಬಟ್ಟೆ ಸುತ್ತಿದ ಕೋಲಿನಿಂದ ಒತ್ತಿ ತಿರುವುತ್ತಿದ್ದಂತೆ ಕಾಳುಗಳು ಚಟಪಟ ಸಿಡಿದು ಬೆಳ್ಳಗಾಗುತ್ತಿದ್ದವು. ಒಂದು ಅಳ್ಳನ್ನು ನಾಲಿಗೆಯ ಮೇಲಿಟ್ಟುಕೊಂಡೆ, ಅದು ಅಲ್ಲಿಯೇ ಕರಗಿತು. ಪಿಷ್ಟ ಆಗಲೇ ಬೆಂದು ಅರಳಿದೆ, ಇದಕ್ಕೆ ಕುಕ್ಕರು ಯಾಕೆ ಬೇಕು ಎಂಬುದು ತಲೆಗೆ ಹೊಳೆದದ್ದು ಆಗ. ಪೂಜೆ ಮುಗಿಯುವ ಮೊದಲೇ ಒಂದು ಬೊಗಸೆ ಅಳ್ಳು ಎತ್ತಿಕೊಂಡದ್ದಕ್ಕೆ ಅವ್ವ ಬೈದಳು. ಚಹಾದ ಥರ್ಮಾಸಿನಲ್ಲಿ 100 ಗ್ರಾಂ ಅಳ್ಳು, 150 ಗ್ರಾಂ ಪುಡಿ ಮಾಡಿದ ಬಾರ್ಲಿ ಮಾಲ್ಟ್, 65 ಡಿಗ್ರಿಯಲ್ಲಿ ನಿಲ್ಲುವಂತೆ ಬಿಸಿನೀರು ಹಾಕಿ ಬಿರಡೆ ಬಿಗಿದೆ. ಬಿಳಿ ಟೈಲ್ಸಿನ ತುಂಡಿನ ಮೇಲೆ ಹತ್ತು ನಿಮಿಷಕ್ಕೊಮ್ಮೆ ಒಂದು ಹನಿ ಬಿಟ್ಟು, ಪಿಷ್ಟ ಉಳಿದಿದ್ದರೆ ಕಪ್ಪಾಗುವ ಅಯೋಡಿನ್ ತಾಗಿಸುತ್ತ ಹೋದೆ: ಮೊದಲು ಕಪ್ಪು, ಆಮೇಲೆ ನೇರಳೆ, ಆಮೇಲೆ ಕಂದು, ಐವತ್ತನೆಯ ನಿಮಿಷಕ್ಕೆ ಅಯೋಡಿನ್ನಿನ ಬಣ್ಣ ಬದಲಾಗಲೇ ಇಲ್ಲ. ಥರ್ಮಾಸಿನ ನೀರು ಕುಡಿದು ನೋಡಿದರೆ ಸಿಹಿ.

ಹಾಗೆಂದು ಎಲ್ಲ ಅಲ್ಲಿಗೇ ಮುಗಿಯಲಿಲ್ಲ. ಬಾಣಲೆಯಲ್ಲಿ 40 ಕಿಲೊ ಹುರಿಯಲಾಗದು, ಚುರುಮುರಿ ಭಟ್ಟಿಗೆ ಕೊಟ್ಟೆ. ಅಲ್ಲಿ ಕಾದ ಮರಳಿನಲ್ಲಿ ಹುರಿಯುತ್ತಾರೆ. ಜರಡಿ ಹಿಡಿದರೂ ಅಳ್ಳಿನ ಮಡಿಕೆಗಳಲ್ಲಿ ಮರಳು ಉಳಿದೇ ಉಳಿಯುತ್ತದೆ. ಮೊದಲ ದೊಡ್ಡ ಬ್ಯಾಚಿನಲ್ಲಿ ಆ ಮರಳು ಪಂಪಿನ ಸೀಲನ್ನು ಕೊರೆದು ಹಾಕಿತು. ರಿಪೇರಿಗೆ ಹದಿನಾಲ್ಕು ಸಾವಿರ, ಮತ್ತು ಮ್ಯಾಷು ತಣ್ಣಗಾಗಿ ಹೋದದ್ದು ಬೇರೆ. ಮರಳಿನ ಬದಲು ಉಪ್ಪಿನಲ್ಲಿ ಹುರಿಸಿದೆ. ಬಿಯರು ಉಪ್ಪುಪ್ಪಾಗಿ, ಗಿರಾಕಿಗಳು ಇದಕ್ಕೆ ಒಂದಿಷ್ಟು ಕೊತ್ತಂಬರಿ ಹಾಕಿದರೆ ಮಜ್ಜಿಗೆಯೇ ಎಂದು ನಕ್ಕರು. ಕೊನೆಗೆ ಭಟ್ಟಿಯವರಿಗೆ ಮರಳು, ಉಪ್ಪು ಯಾವುದೂ ಇಲ್ಲದೆ ಬರೀ ಕಬ್ಬಿಣದ ದೊಡ್ಡ ಬಾಣಲೆಯಲ್ಲಿ ಹುರಿಯಲು ಒಪ್ಪಿಸಿದೆ. ನಿಧಾನವಾಗುತ್ತದೆಂದು ಕಿಲೊಗೆ ಹದಿನೈದು ರೂಪಾಯಿ ಕೂಲಿ ಕೇಳಿದರು, ಕೊಟ್ಟೆ.

ಮಾಲದಂಡಿ ಅಷ್ಟಾಗಿ ಅರಳುವುದಿಲ್ಲ. ನಮ್ಮ ಕಡೆ ಪಂಚಮಿಗೆಂದೇ ಹೊಲದ ಬದಿಗೆ ನಾಲ್ಕು ಸಾಲು ಬಿತ್ತುವ ಅಳ್ಳಿನ ಜೋಳ ಸಣ್ಣ ಕಾಳಿನದು, ಅದನ್ನೇ ಹಿಡಿಯಬೇಕು. 50 ಕಿಲೊ ಕಾಳು ಕೊಟ್ಟರೆ ಅರಳದ ಕಾಳನ್ನು ಮೊರದಲ್ಲಿ ಕೇರಿ ತೆಗೆದ ಮೇಲೆ 40 ಕಿಲೊ ಅಳ್ಳು ಉಳಿಯುತ್ತದೆ. ಇದಕ್ಕೆ 58 ಕಿಲೊ ಬಾರ್ಲಿ ಮಾಲ್ಟ್, ನೊರೆ ನಿಲ್ಲಲೆಂದು 6 ಕಿಲೊ ಗೋದಿಯ ನುಚ್ಚು, ಜಾಲರಿ ಕಟ್ಟಿಕೊಳ್ಳದಿರಲೆಂದು ಹಾನಗಲ್ಲಿನ ಅಕ್ಕಿ ಗಿರಣಿಯಿಂದ ತರಿಸಿ ತೊಳೆದ ಭತ್ತದ ಹೊಟ್ಟು ಐದಾರು ಕಿಲೊ. ಅಳ್ಳನ್ನು ಗಿರಣಿಗೆ ಹಾಕಬೇಡಿ, ಹಿಟ್ಟಾಗಿ ಉಂಡೆ ಕಟ್ಟುತ್ತದೆ. ಇಡಿಯಾಗಿಯೇ ಹಾಕಬೇಕು, ಒಂದೇ ಸಲಕ್ಕೆ ಸುರಿಯಬಾರದು. ಸುರಿದರೆ ಎಲ್ಲವೂ ಮೇಲೆ ತೇಲಿ ಕೂಡುತ್ತದೆ. ನಾಲ್ಕು ಕಿಲೊದಂತೆ ಹಾಕಿದರೆ ಒಂದು ಕ್ಷಣ ಹತ್ತಿಯಂತೆ ತೇಲಿ, ಸುಂಯ್ ಎಂದು ನೀರು ಹೀರಿ ಮುಳುಗುತ್ತದೆ. ಹೀಗೆ 11.5 ಪ್ಲೇಟೊ ಸಿಗುತ್ತದೆ, ಬಿಯರಿನ ಮದ್ಯಸಾರ 4.6 ಶೇಕಡಾದ ಆಸುಪಾಸು ನಿಲ್ಲುತ್ತದೆ. ಅಳ್ಳನ್ನು ಮಾಲ್ಟಿಗಿಂತ ಮೊದಲು ಹಾಕುತ್ತೇನೋ ಆಮೇಲೋ ಎಂಬುದನ್ನು, ಹುರಿಯುವ ಹಿಂದಿನ ರಾತ್ರಿ ಕಾಳಿಗೆ ನೀರಿನ ಜೊತೆ ಏನು ಚಿಮುಕಿಸುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವೆರಡಕ್ಕೆ ನಾನು ಒಂದು ವರ್ಷ ತೆತ್ತಿದ್ದೇನೆ.

ಬಿಯರಿಗೆ ಕಹಿ ಕೊಡುವ ಹೂವಾದ ಹಾಪ್ಸಿನ ಬಗ್ಗೆ ಒಂದು ಮಾತು. ನಮ್ಮಲ್ಲಿ ಬಿಯರಿನ ಜೊತೆ ತರಿಸುವುದು ಸಾವಜಿ ಖಾನಾವಳಿಯ ಖೀಮಾ ಉಂಡಿ, ಮಟನ್ ಇತ್ಯಾದಿ. ಆ ಖಾರದ ಮೇಲೆ ಹಾಪ್ಸಿನ ಕಹಿ ಬಿದ್ದರೆ ಬಾಯಿ ಇನ್ನಷ್ಟು ಉರಿಯುತ್ತದೆ. 25 ಐಬಿಯುದಿಂದ (ಕಹಿಯ ಅಳತೆ) ಇಳಿಸುತ್ತ ಬಂದು 14ಕ್ಕೆ ನಿಲ್ಲಿಸಿದೆ, ಗ್ಯಾಸೂ ಸ್ವಲ್ಪ ಕಡಿಮೆ. ಆಗ ಅಳ್ಳಿನ ಹುರಿದ ಘಮ ಮೇಲೆ ಬಂತು. ಇದೇ ಉಮೇದಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯನ್ನೂ ಫರ್ಮೆಂಟರಿಗೆ ಇಳಿಸಿ ನೋಡಿದೆ. 20 ಲೀಟರಿಗೆ ಆರು ಕಾಯಿ, ಬೀಜ ತೆಗೆದು. ಬಣ್ಣ ಬಹಳ ಚೆಂದ ಬಂತು, ಆದರೆ ಕಾಯಿಯ ಎಣ್ಣೆಯಂಶಕ್ಕೆ ನೊರೆ ನಿಲ್ಲಲೇ ಇಲ್ಲ, ಗ್ಲಾಸಿನಲ್ಲಿ ಕೆಂಪು ಷರಬತ್ತಿನಂತೆ ಕಂಡಿತು. ನವಣೆಯನ್ನೂ ಹುರಿಸಿದೆ, ಅರಳುವುದಕ್ಕಿಂತ ಸೀಯುವುದೇ ಹೆಚ್ಚು, ಬಿಟ್ಟೆ. ಮ್ಯಾಷಿನ ಚರಟವನ್ನು ಧಾರವಾಡದ ಗೌಳಿಯೊಬ್ಬರು ಎಮ್ಮೆಗಳಿಗೆಂದು ಒಯ್ಯುತ್ತಾರೆ. ಅಳ್ಳಿನಲ್ಲಿ ಚಿಗುರಿನ ಕಾಟವಿಲ್ಲವಾದ್ದರಿಂದ ನಾನೂ ನಿರುಮ್ಮಳವಾಗಿ ಕೊಡುತ್ತೇನೆ. ಮಾಲ್ಟಿನ ಕಾಲದಲ್ಲಿ ಉಜ್ಜಿ ತೆಗೆದ ಚಿಗುರನ್ನು ಬೇರೆಯಾಗಿ ಸುಡುತ್ತಿದ್ದೆ.

ಇನ್ನು ದುಡ್ಡು. ಜೋಳ ಹಾಕಿದರೆ ಅಗ್ಗವಾಗುತ್ತದೆಂದು ತಿಳಿದವರು ಈ ಕೆಲಸಕ್ಕೆ ಕೈಹಾಕಬಾರದು. ಅಳ್ಳಿನ ಜೋಳ ಕಿಲೊಗೆ 85 ರೂಪಾಯಿ, ಹುರಿಯುವ ಕೂಲಿ ಸೇರಿ 40 ಕಿಲೊ ಅಳ್ಳಿಗೆ ಐದು ಸಾವಿರ ಬೀಳುತ್ತದೆ. ಅಷ್ಟೇ ತೂಕದ ಬಾರ್ಲಿ ಮಾಲ್ಟಿಗೆ ಮೂರು ಸಾವಿರದ ಮೇಲೆ ಚಿಲ್ಲರೆ. ಅಂದರೆ ಲೀಟರಿಗೆ ನಾಲ್ಕು ರೂಪಾಯಿ ಹೆಚ್ಚು ಖರ್ಚು. ಗಟಾರಕ್ಕೆ ಹೋದ ನಾಲ್ಕು ಬ್ಯಾಚು, ಮೊಳಕೆಯ ಪ್ರಯೋಗ, ಪಂಪಿನ ರಿಪೇರಿ ಎಲ್ಲ ಕೂಡಿಸಿದರೆ ಒಂದು ಲಕ್ಷ ಎಂಬತ್ತು ಸಾವಿರ ಕಳೆದಿದ್ದೇನೆ. ಆದರೆ ಗ್ಲಾಸಿಗೆ ಇಪ್ಪತ್ತು ರೂಪಾಯಿ ಹೆಚ್ಚಿಗೆ ಇಟ್ಟರೂ ಗಿರಾಕಿ ಕೊಡುತ್ತಾನೆ, ಮತ್ತು ಲಾಗರಿನ 500 ಲೀಟರು ಖಾಲಿಯಾಗಲು ಮೂರು ವಾರ ಬೇಕಾದರೆ ಜೋಳದ್ದು ಒಂಬತ್ತು ದಿನದಲ್ಲಿ ಮುಗಿಯುತ್ತದೆ. ಕಳೆದದ್ದು ಎಂಟು ತಿಂಗಳಲ್ಲಿ ಬಂತು. ಆಗುವುದಿಲ್ಲವೆಂದಿದ್ದ ಆ ಬ್ರೂಮಾಸ್ಟರ್ ಕಳೆದ ಚಳಿಗಾಲದಲ್ಲಿ ಬಂದು ಎರಡು ಗ್ಲಾಸು ಕುಡಿದು, ಕುಕ್ಕರು ಎಲ್ಲಿ ಕೂಡಿಸಿದ್ದೀರೆಂದು ಹುಡುಕಾಡಿದರು. ನಾನು ಭಟ್ಟಿಯ ವಿಳಾಸ ಕೊಡಲಿಲ್ಲ.

ವರ್ಕ್‌ಶಾಪಿನ ಕಾಕಾ ಈಗ ಜೋಳದ್ದನ್ನೇ ಕೇಳುತ್ತಾರೆ, ಆದರೆ ಶೇಂಗಾದ ತಟ್ಟೆ ಮೊದಲಿನಷ್ಟು ತುಂಬಿರುವುದಿಲ್ಲವೆಂಬ ತಕರಾರು ಇನ್ನೂ ಇದೆ. ಅಳ್ಳಿನ ಜೋಳ ಬೆಳೆಯುವವರು ಕಡಿಮೆಯಾದ್ದರಿಂದ ಈ ಸಲ ಬಿತ್ತನೆಗೆ ಮೊದಲೇ ಅಣ್ಣಿಗೇರಿಯಲ್ಲಿ ಇಬ್ಬರಿಗೆ ಮುಂಗಡ ಕೊಟ್ಟು ಆರು ಕ್ವಿಂಟಲ್ ಮಾತಾಡಿ ಬಂದಿದ್ದೇನೆ. ಮುಂಗಡದ ಚೀಟಿಗೆ ಅಪ್ಪನೇ ಸಾಕ್ಷಿ ಸಹಿ ಹಾಕಿದರು.