ಟಿಪ್ಪಣಿಯ ಮೇಲೊಂದು ರಟ್ಟಿನ ಚೂರು

ನಾನು ಕಾಮರ್ಸ್ ಓದಿದವಳು. ಹಳಗನ್ನಡ ಎಂದರೆ ಪಠ್ಯದಲ್ಲಿದ್ದ ನಾಲ್ಕು ಪದ್ಯ, ಅವುಗಳ ಸಾರಾಂಶಕ್ಕೊಂದು ಗೈಡು, ಪರೀಕ್ಷೆ ಮುಗಿದ ಮರುದಿನವೇ ಮರೆವು. ಮೂವತ್ತೈದು ದಾಟಿದ ಮೇಲೆ ಪಂಪನನ್ನು ಓದಲೇಬೇಕೆಂಬ ಹುಚ್ಚು ಹತ್ತಿ, ಬರೀ ಮೂಲಪಾಠವಿದ್ದ ಒಂದು ಪ್ರತಿ ತಂದೆ. ಮೂರು ಪುಟಕ್ಕೇ ಮುಚ್ಚಿಟ್ಟೆ. ಲಿಪಿ ನಮ್ಮದೇ, ಮಾತು ಮಾತ್ರ ತಲೆಗೆ ಹೋಗುತ್ತಿಲ್ಲ. ಕನ್ನಡ ಬರುತ್ತದೆ ಎಂದುಕೊಂಡವಳಿಗೆ ಇದಕ್ಕಿಂತ ಅವಮಾನ ಬೇಡ.

ದಾರಿ ತೋರಿಸಿದ್ದು ಗಮಕ. ಗೆಳತಿಯ ಒತ್ತಾಯಕ್ಕೆ ಕುಮಾರವ್ಯಾಸ ಭಾರತದ ವಾಚನಕ್ಕೆ ಹೋಗಿದ್ದೆ. ಗಮಕಿಗಳು ಒಂದು ಷಟ್ಪದಿ ಹಾಡುತ್ತಾರೆ, ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅದನ್ನು ಬಿಡಿಸುತ್ತಾರೆ, ಮತ್ತೆ ಹಾಡು. ಟಿಪ್ಪಣಿ ಇರುವ ಪುಸ್ತಕವೂ ಇದನ್ನೇ ಮಾಡುವುದು, ಧ್ವನಿ ಮಾತ್ರ ಇಲ್ಲ. ಬಿಡುವ ಉಸಿರಿನಲ್ಲೇ ಪದ ಎಲ್ಲಿ ಒಡೆಯುತ್ತದೆ ಎಂದು ಅರ್ಧ ತಿಳಿದುಬಿಡುತ್ತದೆ. ಹಾಗಾಗಿ ಮನೆಯಲ್ಲೂ ಗಟ್ಟಿಯಾಗಿ ಓದುವುದನ್ನು ರೂಢಿ ಮಾಡಿಕೊಂಡೆ. ಕುಮಾರವ್ಯಾಸನ ಭಾಮಿನಿ ಷಟ್ಪದಿಯಲ್ಲಿ ಮೂರು-ನಾಲ್ಕು, ಮೂರು-ನಾಲ್ಕು ಎಂದು ಮಾತ್ರೆ ಸಾಗುತ್ತದೆ. ಮೊದಲೆರಡು ಸಾಲಿಗೆ 14, ಮೂರನೆಯದಕ್ಕೆ 23. ಬೆರಳಲ್ಲಿ ತಾಳ ಹಾಕುತ್ತ ಓದಿದರೆ, ಒಂದು ಸಾಲಿನಲ್ಲಿ ಶುರುವಾದ ಪದ ಮುಂದಿನ ಸಾಲಿಗೆ ದಾಟಿದಾಗಲೂ ಎಡವುವುದಿಲ್ಲ.

ಆದರೂ ಎಡವಿದೆ. ವಾರಕ್ಕೊಮ್ಮೆ ಆರೇಳು ಜನ ಕೂಡಿ ಓದುತ್ತಿದ್ದೆವು. ನನ್ನ ಸರದಿ ಬಂದಾಗ ‘ಬೆಸಲಾದಳು’ ಎಂಬುದಕ್ಕೆ ಧೈರ್ಯವಾಗಿ ‘ಬೇಸರಗೊಂಡಳು’ ಎಂದು ಅರ್ಥ ಹೇಳಿದೆ. ಹಿರಿಯ ಮೇಷ್ಟ್ರು ಕನ್ನಡಕ ಕೆಳಗಿಳಿಸಿ, “ಅಲ್ಲಮ್ಮಾ, ಅವಳು ಹೆತ್ತಿದ್ದಾಳೆ. ಬೇಸರಗಿಸರ ಎಲ್ಲ ಆಮೇಲೆ” ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ರಾತ್ರಿ ನಿಘಂಟು ಹಿಡಿದು ಕೂತೆ. ಬೆಸ ಅಂದರೆ ಕೆಲಸ, ಅಪ್ಪಣೆ. ಬೆಸಸು ಅಂದರೆ ಅಪ್ಪಣೆ ಕೊಡು. ಬೆಸಗೊಳ್ ಅಂದರೆ ಕೇಳು. ಬೆಸಲಾಗುವುದು ಹೆರುವುದು, ಅದರ ದಾರಿಯೇ ಬೇರೆ. ನಾವು ಲೆಕ್ಕದಲ್ಲಿ ಬರೆಯುವ ಬೆಸ ಸಂಖ್ಯೆಯ ಬೆಸ ಮತ್ತೂ ಬೇರೆ, ಅದು ವಿಷಮದಿಂದ ಬಂದದ್ದು. ಗೊತ್ತಿಲ್ಲದ ಪದಕ್ಕಿಂತ ಗೊತ್ತಿದೆ ಎಂದು ಅನ್ನಿಸುವ ಪದವೇ ಹೆಚ್ಚು ಮೋಸ ಮಾಡುತ್ತದೆ ಎಂಬುದು ಅಂದು ಗಟ್ಟಿಯಾಯಿತು. ಗೊತ್ತಿಲ್ಲದ್ದನ್ನು ಹೇಗೂ ಹುಡುಕುತ್ತೇವೆ.

ಅಲ್ಲಿಂದ ನನ್ನ ನೋಟ್‌ಬುಕ್ಕಿನ ಕ್ರಮ ಬದಲಾಯಿತು. ಮೊದಲು ಅಕಾರಾದಿಯಾಗಿ ಪದ ಬರೆದು ಮುಂದೆ ಅರ್ಥ ಬರೆಯುತ್ತಿದ್ದೆ. ಇನ್ನೂರು ಪದ ಬರೆದಿರಬಹುದು, ಹತ್ತೂ ನೆನಪಿಲ್ಲ. ಪದಪಟ್ಟಿ ಬಾಯಿಪಾಠ ಮಾಡುವುದರಲ್ಲಿ ನನಗೆ ಇವತ್ತಿಗೂ ನಂಬಿಕೆಯಿಲ್ಲ. ಈಗ ಒಂದು ಮನೆತನಕ್ಕೆ ಒಂದು ಪುಟ. ‘ಪೆರ್’ ಎಂಬ ಪುಟ ತೆಗೆದರೆ ದೊಡ್ಡದು ಎಂಬ ಅರ್ಥದ ಆ ಒಂದು ತುಣುಕಿನ ಸಂಸಾರವೆಲ್ಲ ಅಲ್ಲಿದೆ: ಹೆಬ್ಬಾವು, ಹೆಬ್ಬಾಗಿಲು, ಹೆಜ್ಜೇನು, ಹೆಮ್ಮರ, ಹೆಬ್ಬೆರಳು, ಶಾಸನದ ಪೆರ್ಗಡೆಯಿಂದ ಬಂದ ಹೆಗ್ಗಡೆ. ಪಕಾರ ಹಕಾರವಾದದ್ದು ಒಮ್ಮೆ ಕಿವಿಗೆ ಹತ್ತಿತೆಂದರೆ ಪಾಲ್, ಪೂ, ಪೋಗು, ಪೊನ್ ಯಾವುದಕ್ಕೂ ಅರ್ಥಕೋಶ ಬೇಡ. ತದ್ಭವಗಳ ಪುಟವಂತೂ ಓದಿದಷ್ಟೂ ಮಜ. ವಿಜ್ಞಾನವು ಬಿನ್ನಣವಾಗಿ, ಹಳೆಯ ಕಾವ್ಯದಲ್ಲಿ ಜಾಣ್ಮೆ, ಕುಶಲತೆ ಎಂಬ ಅರ್ಥ ಕೊಡುತ್ತಿತ್ತು. ಇವತ್ತು ಬಿನ್ನಾಣ ಅಂದರೆ ಒಯ್ಯಾರ. ವಿಜ್ಞಾನಿಗಳಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳಬಹುದು.

ಪುಸ್ತಕಗಳನ್ನು ಓದಿದ ಕ್ರಮವೂ ನನಗೆ ಅನುಕೂಲವಾಯಿತು. ಪಂಪನನ್ನು ಬದಿಗಿಟ್ಟು ಮುದ್ದಣನ ರಾಮಾಶ್ವಮೇಧ ಹಿಡಿದೆ. ಅವನು ಬದುಕಿದ್ದು 1870ರಿಂದ 1901ರವರೆಗೆ, ನಮಗೆ ಹತ್ತಿರದವನೇ. ಹಳಗನ್ನಡದ ಉಡುಪು ತೊಡಿಸಿದ್ದಾನೆ ಅಷ್ಟೆ. ಅಲ್ಲಿ ಓದುಗರ ಪರವಾಗಿ, ಕಥೆ ಕೇಳುವ ಹೆಂಡತಿ ಮನೋರಮೆ ಕೂತಿದ್ದಾಳೆ. ಗಂಡ ಸಂಸ್ಕೃತದ ಉದ್ದುದ್ದ ಸಮಾಸ ಶುರುಮಾಡಿದರೆ, ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು ಎಂದು ತಡೆಯುತ್ತಾಳೆ. ನನ್ನ ಮನಸ್ಸಿನ ಮಾತನ್ನೇ ಆಡಿದಳು ಪುಣ್ಯಾತ್ಗಿತ್ತಿ.

ಆಮೇಲೆ ವಡ್ಡಾರಾಧನೆ. ಗದ್ಯ, 19 ಕಥೆ, ಒಂದೊಂದನ್ನು ಒಂದೊಂದು ವಾರ ಎಳೆಯಬಹುದು. ಇದಕ್ಕೆ ಉಪಸರ್ಗ ಕೇವಲಿಗಳ ಕಥೆ ಎಂಬ ಹೆಸರೂ ಇದೆ. ನನಗೆ ಗೊತ್ತಿದ್ದ ಉಪಸರ್ಗ ಎಂದರೆ ಪ್ರ, ಪರಾ, ಅಪ ಎಂಬ ವ್ಯಾಕರಣದ್ದು! ಜೈನರಲ್ಲಿ ಉಪಸರ್ಗ ಎಂದರೆ ತಪಸ್ವಿಗೆ ಮನುಷ್ಯರಿಂದಲೋ ಪ್ರಾಣಿಗಳಿಂದಲೋ ದೇವತೆಗಳಿಂದಲೋ ಒದಗುವ ಹಿಂಸೆ. ಅದನ್ನು ಸಹಿಸಿ ಗೆದ್ದವರ ಕಥೆಗಳು ಇವು. ಆ ಒಂದು ಟಿಪ್ಪಣಿ ಓದುವ ತನಕ, ಕಥೆಗಳೇಕೆ ಇಷ್ಟೊಂದು ಸಂಕಟದಲ್ಲಿ ಮುಗಿಯುತ್ತವೆ ಎಂದು ನಾನು ಕಥೆಗಾರನ ಮೇಲೆ ಸಿಟ್ಟಾಗಿದ್ದೆ. ಅವನ ಕಣ್ಣಿಗೆ ಅದು ಸೋಲಿನ ಕೊನೆಯಲ್ಲ. ಒಂದು ಪದದ ಅರ್ಥ ತಿದ್ದಿಕೊಂಡಿದ್ದಕ್ಕೆ ಇಡೀ ಪುಸ್ತಕದ ಬಣ್ಣ ಬದಲಾಯಿತು.

ಟಿಪ್ಪಣಿ ಇರುವ ಪುಸ್ತಕದಲ್ಲಿ ಒಂದು ಅಪಾಯವಿದೆ. ಮೂಲದ ಕೆಳಗೋ ಎದುರು ಪುಟದಲ್ಲೋ ಹೊಸಗನ್ನಡ ಗದ್ಯ ಇದ್ದರೆ ಕಣ್ಣು ತಾನಾಗಿ ಅಲ್ಲಿಗೇ ಜಾರುತ್ತದೆ. ಆರು ತಿಂಗಳು ನಾನು ಮೂಲವನ್ನು ಓದುತ್ತಿದ್ದೇನೆ ಎಂಬ ಭ್ರಮೆಯಲ್ಲಿ ಬರೀ ಅನುವಾದ ಓದಿದ್ದೇನೆ. ಕೊನೆಗೆ ಬಟ್ಟೆ ಅಂಗಡಿಯ ಡಬ್ಬದ ರಟ್ಟು ಕತ್ತರಿಸಿ ಅದನ್ನು ಅರ್ಥದ ಮೇಲೆ ಮುಚ್ಚಿಟ್ಟುಕೊಳ್ಳಲು ಶುರುಮಾಡಿದೆ. ಎರಡು ಸಲ ಗಟ್ಟಿಯಾಗಿ ಓದು, ತೋಚಿದ ಅರ್ಥವನ್ನು ಪೆನ್ಸಿಲಿನಲ್ಲಿ ಅಂಚಿಗೆ ಬರೆ, ಆಮೇಲೆ ರಟ್ಟು ಸರಿಸು. ತಪ್ಪಾಗಿ ಊಹಿಸಿದ್ದು ಮರೆಯುವುದೇ ಇಲ್ಲ.

ಹಾಗೆ ಊಹಿಸಿ ಕೆಟ್ಟದ್ದರಲ್ಲಿ ಎಲ್ಲರೂ ಬಲ್ಲ ಪಂಪನ ಸಾಲೂ ಒಂದು: ‘ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ.’ ಶಾಲೆಯಿಂದ ಬಾಯಲ್ಲಿದ್ದ ಸಾಲು, ಆದರೆ ಒಳಗೊಳಗೇ ನಾನು ಆರು ಅಂಕುಶ ಎಂದುಕೊಂಡಿದ್ದೆ. ಹಳಗನ್ನಡದಲ್ಲಿ ಸಂಖ್ಯೆ ಆರಕ್ಕೆ ಶಕಟರೇಫ (ಱ ಎಂಬ ಹಳೆಯ ರಕಾರ), ‘ಆಱು’. ಇಲ್ಲಿರುವುದು ಸಾದಾ ರಕಾರ: ಆರ್, ಎಂದರೆ ಯಾರು. ಯಾರು ಅಂಕುಶ ಹಾಕಿ ತಿವಿದರೂ ಸರಿ, ಆನೆಯಂಥ ಮನಸ್ಸು ಬನವಾಸಿಯ ಕಡೆಗೇ ತಿರುಗುತ್ತದೆ. ‘ಆನೆ’ ಎಂಬ ಪದ ಸಾಲಿನಲ್ಲಿ ಎಲ್ಲೂ ಇಲ್ಲ, ಅಂಕುಶದಿಂದಲೇ ಆನೆ ಕಾಣಬೇಕು. ಱ, ೞ ಅಕ್ಷರಗಳನ್ನು ಕಿರಿಕಿರಿ ಎಂದು ಹಾರಿಸುತ್ತಿದ್ದ ನಾನು ಅಂದಿನಿಂದ ಅವುಗಳ ಮುಂದೆ ನಿಲ್ಲುತ್ತೇನೆ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜನೇ ೞಕಾರ ಬರುವ ಪದಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ, ಇನ್ನು ನಮ್ಮ ಪಾಡೇನು.

ನಿಘಂಟಿನ ವಿಚಾರ ಹೆಚ್ಚು ಹೇಳುವುದಿಲ್ಲ. 1894ರ ಕಿಟ್ಟೆಲ್ ಕೋಶ ಕೈಗೆ ಬೇಗ ಸಿಗುತ್ತದೆ. ಪಟ್ಟು ಬಿಡದ ಪದಕ್ಕೆ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳಿವೆ. ಅದರಲ್ಲಿ ಅರ್ಥಕ್ಕಿಂತ ನಾನು ಪ್ರಯೋಗಗಳನ್ನೇ ಓದುವುದು.

ಇಷ್ಟೆಲ್ಲ ಆದ ಮೇಲೆ ಪಂಪಭಾರತಕ್ಕೆ ಮರಳಿದೆ, ಈ ಸಲ ಬೇರೆ ಬೇರೆಯವರು ಅರ್ಥ ಬರೆದ ಎರಡು ಪ್ರತಿ ಇಟ್ಟುಕೊಂಡು. ಕೃಷ್ಣ ಕರ್ಣನ ಹುಟ್ಟಿನ ಗುಟ್ಟು ಹೇಳಿ ಪಾಂಡವರ ಕಡೆಗೆ ಕರೆದಾಗ, ಕರ್ಣ ದುರ್ಯೋಧನನ ಸ್ನೇಹವನ್ನು ನೆನೆಯುವ ಪದ್ಯವಿದೆ: ‘ನೆತ್ತಮನಾಡಿ ಭಾನುಮತಿ ಸೋಲ್ತೊಡೆ...’ ನೆತ್ತ ಎಂದರೆ ಪಗಡೆ, ಲಂಬಣ ಎಂದರೆ ಹಾರ. ಪಱಿ ಎಂದರೆ ಕಿತ್ತುಹೋಗು. ನೀರು ಹರಿಯುವ ‘ಪರಿ’ ಅಲ್ಲ, ಇಲ್ಲೂ ಶಕಟರೇಫವೇ. ಆಟದಲ್ಲಿ ದುರ್ಯೋಧನನ ಹೆಂಡತಿ ಭಾನುಮತಿ ಸೋತಳು, ಪಣ ಕೊಡು ಎಂದು ಕಾಡುವಾಗ ಹಾರ ಹರಿದು ಮುತ್ತು ಚೆಲ್ಲಿತು, ಇವನ್ನು ಆರಿಸಲೇ ಎಂದು ದುರ್ಯೋಧನ ಕೇಳಿದ. ಅಂಥವನನ್ನು ಬಿಟ್ಟು ಬರಲೇ ಎನ್ನುತ್ತಾನೆ ಕರ್ಣ. ಆದರೆ ಅವಳನ್ನು ಕಾಡಿದವರು ಯಾರು? ಪದ್ಯದಲ್ಲಿ ಕರ್ತೃಪದವೇ ಇಲ್ಲ. ಕರ್ಣ ಎಂದರೆ ಒಂದು ಸ್ನೇಹ, ದುರ್ಯೋಧನ ಎಂದರೆ ಇನ್ನೊಂದು. ವಿದ್ವಾಂಸರು ಇದರ ಮೇಲೆ ಬಹಳ ಚರ್ಚೆ ಮಾಡಿದ್ದಾರೆ.

ರಟ್ಟು ಸರಿಸುವ ಮೊದಲು ನಾನು ಅಂಚಿನಲ್ಲಿ ‘ಕರ್ಣ’ ಎಂದು ಬರೆದಿದ್ದೆ. ಎರಡು ತಿಂಗಳ ಮೇಲೆ ಅಳಿಸಿ ‘ದುರ್ಯೋಧನ?’ ಎಂದೆ. ಮೊನ್ನೆ ಮೇಷ್ಟ್ರ ಮುಂದೆ ಪುಟ ತೆರೆದಿಟ್ಟೆ. ಅವರು ಪದ್ಯವನ್ನು ಎರಡು ಸಲ ಓದಿ, ಎರಡನೇ ಸಲ ಬೇರೆ ಕಡೆ ನಿಲ್ಲಿಸಿ, ಪುಸ್ತಕ ನನ್ನ ಕಡೆಗೆ ತಳ್ಳಿ, “ಈಗ ನೀನು ಓದಮ್ಮ” ಅಂದರು.